ಹಾಡೋ ಹುಡುಗ್ರು ಟಿವಿ ಶೋಗೆ ಹೋಗ್ಬೇಕಾ? ದಾವಣಗೆರೆಯಿಂದ ಪರ-ವಿರೋಧ

ಪರ: ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸೋನ ಮಾತು

ಗಣಪತಿ ಟೈಮಲ್ಲಿ ದಾವಣಗೆರೆ, ಹರಿಹರ, ಚಿತ್ರದುರ್ಗ ಯಾವ ಕಡೆ ಹೋದ್ರೂ ಸರ್ಕಲ್‌ನಾಗೆ ಆರ್ಕೆಸ್ಟ್ರಾ ಫ್ಲೆಕ್ಸ್ ಕಾಣ್ತಾವೆ, ಒಂದ್ಸಲ ನಿಂತು ನೋಡ್ರಿ. ಮಧ್ಯದಾಗೆ ಒಂದು ದೊಡ್ಡ ಫೋಟೋ, ಅದರ ಕೆಳಗೆ ಕೆಂಪಕ್ಷರದಾಗೆ 'ಸರಿಗಮಪ ಖ್ಯಾತಿಯ' ಅಂತ ಇರ್ತೈತೆ, ರಾತ್ರಿಯೆಲ್ಲಾ ಗಂಟಲು ಹರ್ಕೊಂಡು ಹಾಡೋ ನಮ್ಮ ಲೋಕಲ್ ಸಿಂಗರ್‌ಗಳ ಮುಖ ಮಾತ್ರ ಪಾಸ್‌ಪೋರ್ಟ್ ಸೈಜಿನಾಗೆ ಮೂಲೇಲಿ. ಆ ಖ್ಯಾತಿಯವ್ರು ಕಾರಲ್ಲಿ ಬರ್ತಾರೆ, ನಾಲ್ಕು ಹಾಡು ಹಾಡ್ತಾರೆ, ಸೆಲ್ಫಿ ಕೊಟ್ಟು ಹೋಗ್ತಾರೆ, ಪೇಮೆಂಟ್ ನಮ್ಮ ಇಡೀ ಟೀಮಿಗಿಂತ ಜಾಸ್ತಿ. ಹೊಟ್ಟೆಕಿಚ್ಚು ಅಂದ್ರೂ ಅನ್ರಿ. ಆದ್ರೆ ಗಣಪತಿ ಕಮಿಟಿಯವ್ರು ಫೋನ್ ಮಾಡಿದ್ರೆ ಮೊದಲು ಕೇಳೋದೇ 'ಟಿವಿಲಿ ಬಂದೋರು ಯಾರವ್ರೆ?' ಅಂತ. ಎಷ್ಟು ವರ್ಷ ಸಂಗೀತ ಕಲ್ತೀರಿ ಅಂತ ಇವತ್ತಿನವರೆಗೆ ಯಾವ ಕಮಿಟಿನೂ ಕೇಳಿಲ್ಲ.

ಇನ್ನೊಂದು ವಿಷ್ಯ. ಒಂದು ಕಾಲಕ್ಕೆ ಹಾಡೋಕೆ ಬಂದ್ರೆ ಕಂಪನಿ ನಾಟಕ ಇತ್ತು, ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ನಮ್ಮ ದಾವಣಗೆರೆದೇ, ರಂಗಗೀತೆ ಎತ್ತಿ ಹಾಡಬಲ್ಲೋನಿಗೆ ಅಲ್ಲಿ ಅನ್ನ ಇತ್ತು. ಈಗ ಅದೆಲ್ಲಿ? ಆಕಾಶವಾಣಿ ಐತೆ, ಆಡಿಷನ್ ಪಾಸಾದ್ರೆ ಬಿ ಗ್ರೇಡ್, ಆಮೇಲೆ ಬಿ ಹೈ, ಎ ಅಂತ ಮೇಲೆ ಹೋಗ್ಬಹುದು, ಮರ್ಯಾದೆ ಐತೆ ನಿಜ, ಆದ್ರೆ ಅವ್ರು ಯಾವಾಗೋ ಒಮ್ಮೆ ಕರೆಯೋ ರೆಕಾರ್ಡಿಂಗ್ ದುಡ್ಡಲ್ಲಿ ಮನೆ ಬಾಡಿಗೆ ಕಟ್ಟೋಕಾಗಲ್ಲ. ಸಿನಿಮಾ ಹಾಡು ಅಂದ್ರೆ ಬೆಂಗಳೂರು, ಇನ್ನೂರ ಅರವತ್ತು ಕಿಲೋಮೀಟರ್ ದೂರ, ಅಲ್ಲಿ ಗಾಂಧಿನಗರದಾಗೆ ನಿಮ್ಮ ಮಾವನೋ ಚಿಕ್ಕಪ್ಪನೋ ಇಲ್ಲ ಅಂದ್ರೆ ಸ್ಟುಡಿಯೋ ಗೇಟು ದಾಟೋದೇ ಕಷ್ಟ. ಟಿವಿ ಆಡಿಷನ್‌ಗೆ ಮಾತ್ರ ಯಾರ ಶಿಫಾರಸ್ಸೂ ಬೇಡ, ಕ್ಯೂ ನಿಂತ್ರೆ ಸಾಕು.

ನಮ್ಮ ಪಕ್ಕದ ಹಾವೇರಿ ಜಿಲ್ಲೆ ಹನುಮಂತನ್ನೇ ನೋಡ್ರಿ. ಸವಣೂರು ತಾಲ್ಲೂಕು ಚಿಲ್ಲೂರು ಬಡ್ನಿ ಹುಡುಗ, ಕುರಿ ಕಾಯ್ತಾ ಜನಪದ ಹಾಡ್ಕೊಂಡಿದ್ದೋನು. ಸರಿಗಮಪ ಸೀಸನ್ 15ರಲ್ಲಿ ರನ್ನರ್ ಅಪ್ ಆದ, 2025ರಲ್ಲಿ ಬಿಗ್ ಬಾಸ್ 11 ಗೆದ್ದ. ಶೋ ಇಲ್ದಿದ್ರೆ ಅವನ ದನಿ ಆ ಊರಿನ ಗುಡ್ಡ ದಾಟ್ತಿತ್ತಾ? ಇವತ್ತು ಜಡ್ಜ್ ಸೀಟಲ್ಲಿ ಕೂರೋ ವಿಜಯ್ ಪ್ರಕಾಶ್ ಅವರೂ ಹಿಂದೆ ಹಿಂದಿ ಸರೆಗಮದಾಗೆ ಸ್ಪರ್ಧಿಯಾಗಿ ನಿಂತೋರೇ. ಶ್ರೇಯಾ ಘೋಷಾಲ್ ಅವರನ್ನ ಹಿಂದಿ ನಿರ್ದೇಶಕ ಸಂಜಯ್ ಲೀಲಾ ಬನ್ಸಾಲಿ ಗುರುತಿಸಿದ್ದು ಟಿವಿ ಸ್ಪರ್ಧೆಲಿ, 2002ರ ದೇವದಾಸ್‌ಗೆ ಹಾಡ್ಸಿದ್ದು ಅದಾದ್ಮೇಲೆ. ಗೆಲ್ಲಲೇಬೇಕು ಅಂತನೂ ಇಲ್ಲ, ಅರಿಜಿತ್ ಸಿಂಗ್ 2005ರ ಫೇಮ್ ಗುರುಕುಲ್ ಅನ್ನೋ ಹಿಂದಿ ಟಿವಿ ಶೋನಾಗೆ ಸೋತೋನು.

ಕಲಿಯೋದಂತೂ ಬೇಜಾನ್ ಐತೆ. ನಮ್ಮ ಹುಡುಗ್ರು ಫೋನಲ್ಲಿ ಕರೋಕೆ ಹಾಕ್ಕೊಂಡು ಹಾಡೋರು, ಯಾವ ಸ್ಕೇಲು, ಅಂದ್ರೆ ಯಾವ ಶ್ರುತಿ ಅಂತ ಕೇಳಿದ್ರೆ ತಲೆ ಕೆರ್ಕೋತಾರೆ. ಅಲ್ಲಿಗೆ ಹೋದ್ರೆ ಲೈವ್ ಬ್ಯಾಂಡ್ ಮುಂದೆ ನಿಲ್ಲಬೇಕು, ಕಿವೀಲಿ ತನ್ನ ದನಿ, ಬ್ಯಾಂಡು ಕೇಳ್ಸೋ ಇಯರ್ ಮಾನಿಟರ್, ವಾರಕ್ಕೊಂದು ಹೊಸ ಹಾಡು. ಅಂಥಾ ಹುಡುಗ ವಾಪಸ್ ಬಂದು ನಮ್ ಜತೆ ಹಾಡಿದ್ರೆ ಕೀಬೋರ್ಡ್ ಮುಂದೆ ಕೂತ ನಂಗೆ ಮೊದಲ ಸಾಲಲ್ಲೇ ಗೊತ್ತಾಗ್ತೈತೆ.

ವಿರೋಧ: ಸಂಗೀತ ಹೇಳಿಕೊಡೋ ಮೇಷ್ಟ್ರ ಮಾತು

ಅರಿಜಿತ್ ಹೆಸರು ಹೇಳೋರಿಗೆ ನಂದೊಂದೇ ಪ್ರಶ್ನೆ, ಆ ಫೇಮ್ ಗುರುಕುಲ್ ಗೆದ್ದೋರು ಯಾರು ಹೇಳಿ ನೋಡೋಣ? ಖಾಜಿ ತೌಕೀರ್, ರೂಪ್‌ರೇಖಾ ಬ್ಯಾನರ್ಜಿ. ನೆನಪಿಲ್ಲ ತಾನೇ? ಅರಿಜಿತ್ ಮನೆಮಾತಾಗಿದ್ದು 2013ರಲ್ಲಿ ಆಶಿಕಿ 2 ಬಂದಾಗ, ನಡುವಿನ ಎಂಟು ವರ್ಷದಲ್ಲಿ ಆತ ಸಂಗೀತ ನಿರ್ದೇಶಕರ ಕೈಕೆಳಗೆ ಮ್ಯೂಸಿಕ್ ಪ್ರೋಗ್ರಾಮಿಂಗು ಅದೂ ಇದೂ ಮಾಡ್ಕೊಂಡು ಸ್ಟುಡಿಯೋ ಕೆಲಸ ಕಲಿತ. ಶ್ರೇಯಾ ಚಿಕ್ಕಂದಿನಿಂದ ಶಾಸ್ತ್ರೀಯ ಕಲಿತೋರು. ನಮ್ಮ ಪೇರೆಂಟ್ಸ್ ಈ ಭಾಗನೆಲ್ಲಾ ಹಾರಿಸಿಬಿಟ್ಟು ಸ್ಟೇಜು ಲೈಟು ಮಾತ್ರ ನೋಡ್ತಾರೆ.

ಇನ್ನು ಅಗ್ರಿಮೆಂಟು. ಪುಟಗಟ್ಟಲೆ ಇಂಗ್ಲಿಷು, ಅಪ್ಪ ಓದದೇ ಕೊನೇ ಪುಟಕ್ಕೆ ಸೈನ್ ಹಾಕಿರ್ತಾನೆ, ಇಷ್ಟು ದಿನ ಬೇರೆ ಚಾನೆಲ್‌ನಲ್ಲಿ ಕಾಣಿಸ್ಕೋಬಾರದು ಅಂತ ಅದರಲ್ಲಿ ಬರೆದಿದ್ರೆ ಅದು ಗೊತ್ತಾಗೋದು ಬೇರೆ ಕಡೆಯಿಂದ ಕರೆ ಬಂದಾಗ್ಲೇ. ಮಗು ಹಾಡಿದ ಕ್ಲಿಪ್ಪು ಯೂಟ್ಯೂಬಲ್ಲಿ ಲಕ್ಷಗಟ್ಟಲೆ ಓಡುತ್ತೆ, ದುಡ್ಡು ಚಾನೆಲ್‌ಗೆ. ಅದೇ ಕ್ಲಿಪ್ಪನ್ನ ನೀವು ಹಾಕಿದ್ರೆ ನಿಮಗೇ ಕಾಪಿರೈಟ್ ನೋಟಿಸು! ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯಲ್ಲಿ ಗಾಯಕರಿಗೂ ರಾಯಲ್ಟಿ ಹಕ್ಕು ಬಂತು, 2013ರಲ್ಲಿ ಗಾಯಕರದ್ದೇ ಇಸ್ರಾ ಅನ್ನೋ ಸಂಘನೂ ಆಯ್ತು, ಆದ್ರೆ ಅದರಿಂದ ಕೈಗೆ ಏನಾದ್ರೂ ಬರೋಕೆ ನಿನ್ನದೇ ಅಂತ ಜನ ಹುಡುಕಿ ಕೇಳೋ ಹಾಡು ಬೇಕಲ್ವಾ? ಶೋನಲ್ಲಿ ಹಾಡೋದೆಲ್ಲಾ ರಾಜಕುಮಾರ್ ಹಾಡು, ಎಸ್‌ಪಿಬಿ ಹಾಡು, ಜಾನಕಿಯಮ್ಮನ ಹಾಡು. ಸೀಸನ್ ಮುಗೀತು, ಮುಂದಿನ ಬ್ಯಾಚ್ ಬಂತು, ಆ ಫ್ಲೆಕ್ಸ್ ಮಧ್ಯದ ಫೋಟೋನೂ ಬದಲಾಯ್ತು. ಹೋದ ಸೀಸನ್ ಹುಡುಗ ಅದೇ ನಾಲ್ಕು ಹಾಡು ಇಟ್ಕೊಂಡು ಹೋದ ವರ್ಷಕ್ಕಿಂತ ಕಡಿಮೆ ರೇಟಿಗೆ ಒಪ್ಕೋತಾನೆ.

ಮಕ್ಕಳ ವಿಷಯ ಬಂದ್ರೆ ನಂಗೆ ಸಿಟ್ಟೇ ಬರುತ್ತೆ. ಕಾನೂನು ಇದೆ ಸ್ವಾಮಿ, ಬಾಲ ಕಲಾವಿದರ ಕೈಲಿ ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸೋ ಹಾಗಿಲ್ಲ, ಬಿಡುವಿಲ್ಲದೆ 3 ಗಂಟೆ ಮೀರೋ ಹಾಗಿಲ್ಲ, ಸಂಪಾದನೇಲಿ ಕನಿಷ್ಠ 20 ಪರ್ಸೆಂಟ್ ಮಗು ಹೆಸರಲ್ಲಿ ಎಫ್‌ಡಿ ಇಡಬೇಕು. ಎಷ್ಟು ಜನ ತಂದೆ-ತಾಯಿ ಇದನ್ನ ಕೇಳಿದಾರೆ? ಅವರ ಚಿಂತೆ ಏನಂದ್ರೆ ಮನೆಗೆ ಶೂಟಿಂಗ್‌ಗೆ ಬಂದಾಗ ಕಷ್ಟ ಸರಿಯಾಗಿ ಕಾಣುತ್ತಾ ಇಲ್ವಾ ಅಂತ. ಹಾಡಿಗಿಂತ ಅಮ್ಮನ ಕಣ್ಣೀರು ಜಾಸ್ತಿ ಹೊತ್ತು ಸ್ಕ್ರೀನ್ ಮೇಲಿರುತ್ತೆ.

ಆರ್ಕೆಸ್ಟ್ರಾ ಸ್ನೇಹಿತರು ಹೇಳಿದ್ದರಲ್ಲಿ ಒಂದನ್ನ ಒಪ್ತೀನಿ, ಇಲ್ಲಿಂದ ಬೇರೆ ದಾರಿ ಕಡಿಮೆ. ಹಾಗಂತ ಹತ್ತು ವರ್ಷದ ಕೂಸನ್ನ ತಳ್ಳೋದಾ? ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆ ಮುಗಿಸ್ಲಿ, ದನಿ ಒಡೆಯೋ ವಯಸ್ಸು ದಾಟ್ಲಿ, ಒಂದೆರಡು ವಚನವೋ ಭಾವಗೀತೆಯೋ ತನ್ನದೇ ರಾಗದಲ್ಲಿ ಕೂರಿಸಿ ತನ್ನ ಚಾನೆಲ್‌ನಲ್ಲಿ ಹಾಕ್ಕೊಂಡಿರ್ಲಿ, ಆಮೇಲೆ ಬೇಕಾದ್ರೆ ಕ್ಯೂ ನಿಲ್ಲಲಿ. ಶೋ ನೋಡಿ ಹುಡ್ಕೊಂಡು ಬಂದೋರಿಗೆ ಕೇಳಿಸೋಕೆ ಏನಾದ್ರೂ ಇರುತ್ತೆ.

ಸರಳೆ ವರಸೆ ಅಂತ ಶುರುವಿನ ಸ್ವರಪಾಠ ಎಲ್ಲಾ ಬೇಡ ಸಾರ್, ಮುಂದಿನ ವಾರ ಆಡಿಷನ್ ಇದೆ, ಚರಣದ ಕೊನೇಲಿ ಬರೋ ಆ ಹೈ ಪಿಚ್ ಒಂದನ್ನ ಹೇಳ್ಕೊಡಿ ಸಾಕು ಅಂತ ಬರೋರು ಈಗ ಜಾಸ್ತಿ ಆಗಿದಾರೆ. ಅವ್ರು ದಯವಿಟ್ಟು ಬೇರೆ ಮೇಷ್ಟ್ರನ್ನ ನೋಡ್ಕೊಳ್ಳಿ, ನಾನ್ ಹೇಳ್ಕೊಡಲ್ಲ.