ಸೊನ್ನೆ ಬಿಲ್ಲಿನ ಮನೆಗೆ ಕಾರು ಬಂತು

ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆ ಶುರುವಾದ 2023ರಿಂದಲೂ ನಮ್ಮ ಮನೆಯ ಕರೆಂಟ್ ಬಿಲ್ಲು ಫ್ರಿಜ್ಜಿನ ಬಾಗಿಲ ಮೇಲಿರುತ್ತದೆ. ಅಪ್ಪನ ಕೆಲಸ. ನನ್ನ ಲೆಕ್ಕದ ಪೇಪರಿನಲ್ಲಿ ಸೊನ್ನೆ ಕಂಡರೆ ಬೆತ್ತ ಹುಡುಕುತ್ತಿದ್ದ ಮನುಷ್ಯ, ಬಿಲ್ಲಿನ ಸೊನ್ನೆಯನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು.

ಆ ಮನೆಗೆ ನಾನು ಎಲೆಕ್ಟ್ರಿಕ್ ಕಾರು ತಂದೆ.

ಷೋರೂಮಿನ ಹುಡುಗ "ಕಿಲೋಮೀಟರಿಗೆ ಒಂದೇ ರೂಪಾಯಿ ಸಾರ್" ಅಂದಿದ್ದ. ಸುಳ್ಳೇನಲ್ಲ. ಯೂನಿಟ್ಟಿಗೆ ಸುಮಾರು 6 ರೂಪಾಯಿ, ಯೂನಿಟ್ಟಿಗೆ 6 ಕಿ.ಮೀ. ಆದರೆ ಅವನ ಲೆಕ್ಕದಲ್ಲಿ ನನ್ನ ಬಲಗಾಲೂ ಇರಲಿಲ್ಲ, ಗೃಹಜ್ಯೋತಿಯೂ ಇರಲಿಲ್ಲ. ತುಮಕೂರಿನ ಒಳಗೆ ಸಾಧುವಾಗಿರುವ ಕಾರು, ಟೋಲ್ ದಾಟಿ ನೂರರ ಮೇಲೆ ಹೋದರೆ ಕರೆಂಟನ್ನು ಗಟಗಟ ಕುಡಿಯುತ್ತದೆ. ಬೆಂಗಳೂರಿಗೆ ಹೋಗಿ ಬಂದರೆ 140 ಕಿ.ಮೀ., ಬ್ಯಾಟರಿಯಲ್ಲಿ 21 ಯೂನಿಟ್ ಖಾಲಿ. ಅದನ್ನು ತುಂಬಿಸಲು ಮೀಟರಿನಲ್ಲಿ ಓಡುವುದು 24. ಮಿಕ್ಕಿದ್ದು ಬಿಸಿಯಾಗಿ ಹೋಯಿತು ಎಂದು ವಿವರಿಸಿದೆ.

"ಲೀಟರ್ ಹಾಲು ಕಾಯ್ಸಿ ಮುಕ್ಕಾಲು ಕುಡ್ದಂಗಾಯ್ತು" ಅಂದರು ಅಪ್ಪ.

ಮೊದಲ ತಿಂಗಳು ಬೆಂಗಳೂರಿಗೆ ನಾಲ್ಕು ಸಲ, ಊರೊಳಗೆ ಒಂದಿನ್ನೂರು ಕಿ.ಮೀ. ಕಾರಿನದು 125 ಯೂನಿಟ್, ಮನೆಯದು 90, ಒಟ್ಟು 215. ಇನ್ನೂರರ ಒಳಗಿದ್ದರೆ ಗೃಹಜ್ಯೋತಿಯಲ್ಲಿ ನಮಗೆ ಪುಕ್ಕಟೆ ಸಿಗುವ ಪಾಲಿಗಿಂತ ಹೆಚ್ಚಾದದ್ದಕ್ಕೆ ಮಾತ್ರ ದುಡ್ಡು. ದಾಟಿದರೆ ಪೂರ್ತಿ ಬಿಲ್ಲು. ಮೀಟರ್ ನೋಡಲು ಬಂದ ಹುಡುಗ ಚೀಟಿ ಹರಿದು, ಅಪ್ಪನ ಮುಖ ನೋಡದೆ ನನ್ನ ಕೈಗೆ ಕೊಟ್ಟ. ಸಾವಿರದ ಎಂಟುನೂರು ಚಿಲ್ಲರೆ! 15 ಯೂನಿಟ್ಟಿಗಾಗಿ, ಇಷ್ಟು ವರ್ಷ ಪುಕ್ಕಟೆ ಉರಿದ ದೇವರ ಮನೆಯ ಬಲ್ಬಿಗೂ ದುಡ್ಡು ಕಟ್ಟಿದೆ. ಎಲ್ಲವನ್ನೂ ಕಾರಿನ ತಲೆಗೆ ಕಟ್ಟಿದರೆ ಕಿ.ಮೀ.ಗೆ ಎರಡೂವರೆ ರೂಪಾಯಿ ಬಿತ್ತು. ಅಪ್ಪ ಆ ಬಿಲ್ಲನ್ನು ಫ್ರಿಜ್ಜಿಗೆ ಅಂಟಿಸಲಿಲ್ಲ, ಕಾರಿನ ಗಾಜಿಗೆ ಅಂಟಿಸಿದರು.

ಮರುತಿಂಗಳು ಮನೆಯ ಮೀಟರ್ ಮುಟ್ಟುವುದೇ ಬೇಡವೆಂದು ಹೆದ್ದಾರಿ ಬದಿಯ ಫಾಸ್ಟ್ ಚಾರ್ಜರಿಗೆ ಹೋದೆ. ಯೂನಿಟ್ಟಿಗೆ 20 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ. 20 ಯೂನಿಟ್ಟಿಗೆ 472 ರೂಪಾಯಿ. ಮುಕ್ಕಾಲು ಗಂಟೆ ಸುಮ್ಮನೆ ಕೂರಲಾಗುತ್ತದೆಯೇ? ಪಕ್ಕದಲ್ಲೇ ತಟ್ಟೆ ಇಡ್ಲಿ. ನಾನು ಎರಡು, ನನ್ನಾಕೆ ಎರಡು, ಮೇಲೆ ಬೆಣ್ಣೆ, ಒಂದು ವಡೆ, ಎರಡು ಕಾಫಿ. ಕಾರಿನ ಹೊಟ್ಟೆಯ ಜೊತೆ ನಮ್ಮದೂ ತುಂಬಿತು.

"ರೀ, ಈ ಇಡ್ಲಿ ಯಾವ ಖಾತೆಗೆ?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನೂ ಕಾರಿಗೇ ಹಾಕಿದರೆ ಹಳೆಯ ಪೆಟ್ರೋಲ್ ಕಾರು ಹಿಂದಿನಿಂದ ನಗುವಷ್ಟು ಹತ್ತಿರ ಬಂದಿತ್ತು.

ಕೊನೆಗೆ ದಾರಿ ಹುಡುಕಿದವರು ಅಪ್ಪನೇ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಗೀಸರಿನ ಸ್ವಿಚ್ಚಿನ ಮೇಲೆ ಅಡ್ಡಡ್ಡ ಟೇಪು. ಹಿತ್ತಿಲಲ್ಲಿ ಹೊಗೆ. ಅಟ್ಟದ ಮೇಲಿದ್ದ ತಾಮ್ರದ ಹಂಡೆ ಇಳಿದು ಒಲೆಯ ಮೇಲೆ ಕೂತಿದೆ. ಅಪ್ಪ ಊದುಕೊಳವೆ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದಾರೆ, ಪಕ್ಕದಲ್ಲಿ ತೋಟದಿಂದ ತಂದ ಒಂದು ಮೂಟೆ ತೆಂಗಿನ ಕರಟ.

"ಗೀಸರಿಂದ ತಿಂಗಳಿಗೆ ಮೂವತ್ತು ಯೂನಿಟ್ ಉಳೀತದೆ, ಕಾರಿಗೆ ಹಾಕ್ಕೋ. ನಾಳೆ ಬೆಂಗಳೂರಿಗೆ ಹೋಗ್ಬೇಕೇನೋ?"

"ಹೂಂ ಅಪ್ಪ."

"ಹಂಗಾದ್ರೆ ಇನ್ನೆರಡು ಕರಟ ಹಾಕು."