ಕೆರೆಗೆ ಹೋಗಿದ್ಯಾ ಅಂತ ಬೈಯದೆ ಕೇಳಿ

ಮಗುವಿನ ಕಣ್ಣು ಕೆಂಪಾದರೆ ನಮ್ಮಲ್ಲಿ ಎಲ್ಲರೂ ಡಾಕ್ಟರೇ. ಮದ್ರಾಸ್ ಐ ಅಂತ ತೀರ್ಮಾನ ಮಾಡಿ ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತರುತ್ತೇವೆ. ಅಜ್ಜಿ ಇದ್ದರೆ ನಂದಿಬಟ್ಟಲು ಹೂವಿನ ರಸ. ಬಹಳ ಸಲ ಅದು ಮದ್ರಾಸ್ ಐ ಆಗಿರುತ್ತದೆ, ತಾನಾಗಿಯೇ ವಾಸಿಯಾಗುತ್ತದೆ. ವಾಸಿಯಾಗದೆ ಒಂದೇ ಕಣ್ಣಿನಲ್ಲಿ ಉಳಿದುಬಿಟ್ಟರೆ?

ತಮಿಳುನಾಡಿನ ಹಳ್ಳಿ ಮಕ್ಕಳ ಇಂಥ ಕೆಂಗಣ್ಣಿನ ಬಗ್ಗೆ ಮದುರೈನ ಅರವಿಂದ್ ಕಣ್ಣಾಸ್ಪತ್ರೆಯ ವೈದ್ಯರು 2002ರಲ್ಲಿ ಬರೆದರು. ಹೆಚ್ಚಿನವರು ಹುಡುಗರು, ಊರಿನ ಕೆರೆ ಕುಂಟೆಯಲ್ಲಿ ಈಜುವವರು. ಕಣ್ಣಿನ ಬಣ್ಣದ ಭಾಗದ ಮುಂದೆ, ನೀರು ತುಂಬಿರುವ ಜಾಗದಲ್ಲಿ, ಒಂದು ಪುಟ್ಟ ಬಿಳಿ ಗಂಟು. 2016ರಲ್ಲಿ ಡಿಎನ್ಎ ಪರೀಕ್ಷೆಯಿಂದ ಕಳ್ಳನೂ ಸಿಕ್ಕಿಬಿದ್ದ: ಪ್ರೊಸೆರೋವಮ್ ವೇರಿಯಮ್ ಎಂಬ ಚಪ್ಪಟೆ ಹುಳು. ಅಲ್ಲಿನ ನೀರಿನ ಬಸವನಹುಳುಗಳಲ್ಲೂ ಅದೇ ಇತ್ತು.

ಈ ಹುಳುವಿಗೆ ಮನುಷ್ಯರು ಬೇಕಾಗೇ ಇಲ್ಲ. ಮೀನು ತಿನ್ನುವ ಹಕ್ಕಿಯ ಹೊಟ್ಟೆ ಅದರ ಮನೆ. ಹಿಕ್ಕೆಯ ಜೊತೆ ಮೊಟ್ಟೆ ನೀರಿಗೆ, ಅಲ್ಲಿಂದ ಬಸವನಹುಳುವಿಗೆ, ಆಮೇಲೆ ಈಜಿಕೊಂಡು ಮೀನಿಗೆ, ಮೀನಿನಿಂದ ಮತ್ತೆ ಹಕ್ಕಿಗೆ. ನಡುವೆ ಸಿಕ್ಕ ಹುಡುಗನ ಕಣ್ಣು ಅದಕ್ಕೂ ದಾರಿ ತಪ್ಪಿದ ಜಾಗವೇ.

ಆ ಬಿಳಿ ಗಂಟನ್ನು ನೋಡಿದರೆ ಡಾಕ್ಟರಿಗೆ ಇದು ಕಣ್ಣಿನ ಟಿಬಿ ಇರಬಹುದಾ ಅಂತಲೂ ಅನುಮಾನ ಬರುತ್ತದೆ. ಹಾಗಾಗಿ "ಎಲ್ಲಿ ಈಜಿದ್ದೆ?" ಎಂಬ ಪ್ರಶ್ನೆ ಸುಮ್ನೆ ಕೇಳುವುದಲ್ಲ. ಆದರೆ "ಕೆರೆಗೆ ಹೋಗಿದ್ಯೇನೋ?" ಅಂದ ಕೂಡಲೇ ಹುಡುಗ ನೋಡುವುದು ಡಾಕ್ಟರನ್ನಲ್ಲ, ಪಕ್ಕದಲ್ಲಿರುವ ಅಪ್ಪನ ಮುಖವನ್ನು. "ಇಲ್ಲ ಸಾರ್." ಹೂಂ ಅಂದರೆ ಸಂಜೆ ಬಾಸುಂಡೆ ಏಳುತ್ತದೆ ಅಂತ ಅವನಿಗೆ ಗೊತ್ತಿಲ್ವಾ?

ಅಪ್ಪ ಅಮ್ಮಂದಿರ ಭಯ ನನಗೆ ಅರ್ಥವಾಗುತ್ತದೆ. ಪ್ರತಿ ಬೇಸಿಗೆ ರಜೆಯಲ್ಲೂ ಕೆರೆಯಲ್ಲಿ ಮುಳುಗಿದ ಮಕ್ಕಳ ಸುದ್ದಿ ಓದುತ್ತೇವೆ. ಆದರೆ ಹೊಡೆತದಿಂದ ಈಜು ನಿಂತಿದ್ದನ್ನು ನಾನಂತೂ ಕಂಡಿಲ್ಲ. ಮುಚ್ಚಿಡುವುದು ಜಾಸ್ತಿಯಾಗುತ್ತದೆ, ಅಷ್ಟೇ. ಕಣ್ಣಿನ ವಿಷಯದಲ್ಲಿ ಮುಚ್ಚಿಟ್ಟರೆ ಕಳೆದುಕೊಳ್ಳುವುದು ದಿನಗಳನ್ನು. ಗಂಟು ಚಿಕ್ಕದಿದ್ದರೆ ಡಾಕ್ಟರ್ ಕೊಡುವ ಸ್ಟೀರಾಯ್ಡ್ ಹನಿಯಲ್ಲೇ ಕರಗಬಹುದು. ದೊಡ್ಡದಾದರೆ ಆಪರೇಷನ್ ಮಾಡಿ ತೆಗೆಯಬೇಕಾಗುತ್ತದೆ. ಹಾಗಂತ ಸ್ಟೀರಾಯ್ಡ್ ಹನಿಯನ್ನು ನೀವೇ ಅಂಗಡಿಯಿಂದ ತಂದು ಹಾಕಬೇಡಿ, ದಯವಿಟ್ಟು. ಒಳಗಿರುವುದು ಫಂಗಸ್ ಆಗಿದ್ದರೆ ಅದೇ ಹನಿ ಕಣ್ಣನ್ನು ಹಾಳು ಮಾಡುತ್ತದೆ.

ನಮ್ಮ ಕೆರೆಗಳಲ್ಲೂ ಬಸವನಹುಳು ಇವೆ, ಕೊಕ್ಕರೆ, ನೀರುಕಾಗೆ ಇವೆ. ಕಣ್ಣಿನ ಡಾಕ್ಟರುಗಳಿಗೆ ನನ್ನದೊಂದು ಕೋರಿಕೆ: ರಜೆಯಲ್ಲಿ ಹುಡುಗನೊಬ್ಬ ಒಂದು ಕಣ್ಣು ಕೆಂಪು ಮಾಡಿಕೊಂಡು ಬಂದರೆ, ಅಪ್ಪನನ್ನು ಚೀಟಿ ಮಾಡಿಸೋಕೆ ಹೊರಗೆ ಕಳಿಸಿ, ಆಮೇಲೆ ಕೆರೆಯ ಮಾತು ತೆಗೆಯಿರಿ.