ಕ್ಯಾಮೆರಾಗಿಂತ ಮೊದಲು ಮೈಕ್

ಕಡಿಮೆ ದುಡ್ಡಿನಲ್ಲಿ ಸುತ್ತಮುತ್ತಲಿನವರನ್ನೇ ಹಾಕಿಕೊಂಡು ಸಿನಿಮಾ ಮಾಡುವವರು ಮೊದಲು ಒಳ್ಳೆಯ ಕ್ಯಾಮೆರಾ ಹೊಂದಿಸಿಕೊಳ್ಳಬೇಕು ಅಂತ ನಾನು ಓದಿದ ಲೇಖನವೊಂದರಲ್ಲಿದೆ. ಅದೊಂದನ್ನು ಒಪ್ಪಲಾರೆ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಇರುವ ದುಡ್ಡು ಮೊದಲು ಮೈಕಿಗೆ ಹೋಗಲಿ. ನುರಿತ ನಟರು ಆಮೇಲೆ ಮಾತನ್ನು ಮತ್ತೆ ಹೇಳಿ ಸೇರಿಸುವ ಡಬ್ಬಿಂಗಿನಲ್ಲೂ ಅದೇ ಭಾವ ತರಬಲ್ಲರು, ಮೊದಲ ಸಲ ನಟಿಸುವವರಿಗೆ ಅದು ತುಂಬಾ ಕಷ್ಟ. ಶೂಟಿಂಗ್ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ 30 ಸೆಕೆಂಡ್ ಬರೀ ಆ ಜಾಗದ ಸದ್ದು ರೆಕಾರ್ಡ್ ಮಾಡಿಕೊಳ್ಳಿ, ಎಡಿಟಿಂಗಿನಲ್ಲಿ ಕೈಹಿಡಿಯುತ್ತದೆ.

ನಟನೆಯ ವಿಷಯ. ಇಟಲಿಯ ನಿರ್ದೇಶಕ ವಿಟ್ಟೋರಿಯೋ ಡಿ ಸಿಕಾ 1948ರ 'ಬೈಸಿಕಲ್ ಥೀವ್ಸ್' ಚಿತ್ರದ ಮುಖ್ಯ ಪಾತ್ರಕ್ಕೆ ಕಾರ್ಖಾನೆಯ ಕಾರ್ಮಿಕನೊಬ್ಬನನ್ನೇ ಆರಿಸಿಕೊಂಡಿದ್ದರು. ನಮ್ಮ ಕಿರುಚಿತ್ರದಲ್ಲಿ ಬಟ್ಟೆ ಹೊಲಿಯುವ ಅಕ್ಕನೊಬ್ಬರದು ತಾಯಿಯ ಪಾತ್ರ. 8 ಟೇಕ್ ಆದರೂ ಪಾಠ ಒಪ್ಪಿಸಿದ ಹಾಗೇ ಇತ್ತು. ಕೊನೆಗೆ ಹಾಳೆ ಪಕ್ಕಕ್ಕಿಟ್ಟು, ಸೂಜಿ ದಾರ ಕೈಗೆ ಕೊಟ್ಟು, "ಮಗ ಮನೆ ಬಿಟ್ಟು ಹೊರಟಿದ್ದಾನೆ ಅಕ್ಕಾ, ನಿಮಗೆ ತೋಚಿದ್ದು ಹೇಳಿ" ಅಂದೆ. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು, ಸೂಜಿಗೆ ಪೋಣಿಸುತ್ತಾ, ತಲೆ ಎತ್ತದೆ "ತಲುಪಿದ ಮೇಲೆ ಒಂದು ಫೋನ್ ಮಾಡು" ಅಂದರು. ಅಷ್ಟೇ. ನಾನು ಬರೆದಿದ್ದ ಅರ್ಧ ಪುಟವನ್ನು ಅಲ್ಲೇ ಹೊಡೆದು ಹಾಕಿದೆ.

ಸಂಭಾವನೆ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲದ್ದು ಬೇಸರವಾಯಿತು. ಪರಿಚಯದವರು ಅಂತ ಬಿಟ್ಟಿ ದುಡಿಸಿಕೊಳ್ಳಬೇಡಿ. ಕೆಲಸ ಬಿಟ್ಟು ಬಂದವರಿಗೆ ಆ ದಿನದ ಕೂಲಿಯನ್ನಾದರೂ ಕೊಡಿ, ಮೊದಲ ಪ್ರದರ್ಶನವನ್ನು ಅವರ ಮುಂದೆಯೇ ಮಾಡಿ.